ಒಬ್ಬರ ಹೆಸರಿನಲ್ಲಿ ಐದು ಮನೆಯ ಕ್ರಿಪ್ಟೋ

ಹೊಳೆಗೆ ಹೊಸನೀರು ಬಂದಾಗ ಒಂದು ವಾಸನೆ ಏಳುತ್ತದೆ. ಕೆಸರು, ಕೊಳೆತ ಕಬ್ಬಿನ ಗರಿಯ ರವದಿ, ಹಸಿ ಹುಲ್ಲು ಎಲ್ಲ ಕಲೆತ ವಾಸನೆ. ಅದರಿಂದ ಬೇರೆಯವರಿಗೆ ತವರು ನೆನಪಾಗುತ್ತದೋ, ಬಿಸಿ ಭಜಿ ನೆನಪಾಗುತ್ತದೋ ನಾ ಕಾಣೆ. ನನಗೆ ಇನ್‌ಕಮ್ ಟ್ಯಾಕ್ಸ್ ನೆನಪಾಗುತ್ತದೆ. ಮೊನ್ನೆ ನಮ್ಮ ಆಸ್ಪತ್ರೆಯ ಆಯಾ ಒಬ್ಬರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಧುಪದಾಳಕ್ಕೆ ಹೋಗಿದ್ದೆ. ಒಡ್ಡಿನ ಮೇಲಿಂದ ನೀರು ಧುಮುಕುತ್ತಿತ್ತು. ಜೊತೆಗೆ ಬಂದ ಸಿಸ್ಟರುಗಳೆಲ್ಲ ಸೀರೆ ಸಾವರಿಸಿಕೊಂಡು ಫೋಟೋ ತೆಗೆಸಿಕೊಳ್ಳಲು ನಿಂತರು. ನನ್ನನ್ನೂ ಕರೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೋಗಿ ಆಟೋದಲ್ಲಿ ಕೂತುಬಿಟ್ಟೆ. ಒಂದು ಮಳೆಗಾಲದ ಕಳವಳ ಮೈಯಲ್ಲಿ ಇಷ್ಟು ದಿನ ಉಳಿಯುತ್ತದೆ ಎಂದು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

ನಾನು ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ನರ್ಸು. ನನ್ನ ಗಂಡ ಹುಕ್ಕೇರಿಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಹೆಸರು ಅಜಿತ. ಇನ್ನು ಮುಂದೆ ನಮ್ಮವರು ಎಂದೇ ಬರೆಯುತ್ತೇನೆ. ಹೆಸರು ಹಿಡಿದರೆ ನಮ್ಮ ಅತ್ತೆಯವರಿಗೆ ಈಗಲೂ ಸರಿಬರುವುದಿಲ್ಲ. ನಾವಿರುವುದು ಗೋಕಾಕದಲ್ಲಿ, ಬಾಡಿಗೆ ಮನೆಯಲ್ಲಿ. ನಮ್ಮವರ ಊರು ನಾಗನೂರ. ಚಿಕ್ಕಂದಿನಲ್ಲೇ ತಂದೆ ಹೋದ ಮೇಲೆ ಅವರನ್ನು ಸಾಕಿ, ಓದಿಸಿ, ಮಾಸ್ತರನನ್ನು ಮಾಡಿದವರು ತಂದೆಯ ತಮ್ಮ ಪಾಯಪ್ಪ ಕಾಕಾ. ಹೀಗಾಗಿ ಕಾಕಾ ಕೂಡು ಎಂದರೆ ಕೂಡುವುದು, ಏಳು ಎಂದರೆ ಏಳುವುದು. ಮದುವೆಯಾದ ಹೊಸದರಲ್ಲಿ ಇದನ್ನು ಕಂಡು ನನಗೆ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು.

ನಮ್ಮ ಹತ್ತಿರ ಆಗ ಇದ್ದ ಆಸ್ತಿ ಎಂದರೆ ಗೋಕಾಕದ ಹೊರಗೆ ಒಂದು ಪ್ಲಾಟು. ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿ, ಕಂತು ಕಟ್ಟಿ ನಾನು ತೆಗೆದುಕೊಂಡದ್ದು. ನಾಲ್ಕು ಮೂಲೆಯ ಕಲ್ಲು ಬಿಟ್ಟರೆ ಅಲ್ಲೇನೂ ಇರಲಿಲ್ಲ. ಆದರೂ ರಜೆ ಸಿಕ್ಕಾಗ ಹೋಗಿ ನಿಲ್ಲುತ್ತಿದ್ದೆ. ಇಲ್ಲಿ ಅಡುಗೆಮನೆ, ಇಲ್ಲಿ ಕಿಟಕಿ, ಇಲ್ಲಿ ಬಟ್ಟೆ ಒಣಹಾಕುವ ತಂತಿ ಎಂದು ಕಾಲಿನಿಂದಲೇ ಗೆರೆ ಎಳೆದು ಬರುತ್ತಿದ್ದೆ. ಆ ಮಳೆಗಾಲದಲ್ಲಿ ಕೈಬಿಟ್ಟು ಹೋಗಲಿದ್ದದ್ದು ಅದೇ ಪ್ಲಾಟು.

ಕಬ್ಬಿನ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಕಾರ್ಖಾನೆಯಲ್ಲಿ ಷೇರು ಇದ್ದವರ ಕಬ್ಬಿಗೆ ಮೊದಲು ಕಡಿಯುವ ಸರದಿ ಸಿಗುತ್ತದೆ. ಷೇರು ಇಲ್ಲದವರು ಏನು ಮಾಡುತ್ತಾರೆ? ಷೇರು ಇದ್ದ ಅಣ್ಣನದೋ ಬೀಗರದೋ ಹೆಸರಿನಲ್ಲಿ ತಮ್ಮ ಕಬ್ಬನ್ನೂ ಹೇರಿ ಕಳಿಸುತ್ತಾರೆ. ಬಿಲ್ಲು ಅವನ ಖಾತೆಗೆ ಬರುತ್ತದೆ, ಅವನು ಟನ್ನಿನ ಲೆಕ್ಕದಲ್ಲಿ ಹಂಚಿಕೊಡುತ್ತಾನೆ. ಚೀಟಿಯಿಲ್ಲ, ಸಹಿಯಿಲ್ಲ, ಮಾತಿನ ಮೇಲೆಯೇ ಎಲ್ಲ ನಡೆಯುತ್ತದೆ. ಒಕ್ಕಲುತನದ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಯಾರ ದುಡ್ಡು ಯಾರ ಖಾತೆಗೆ ಬಂದರೂ ಕೇಳುವವರಿಲ್ಲ. ಐದು ಮನೆಯ ಕಬ್ಬು ಒಬ್ಬನ ಹೆಸರಲ್ಲಿ ಹೋಗುವುದು ನಾಗನೂರಿನವರಿಗೆ ನೀರು ಕುಡಿದಷ್ಟು ಸಹಜ.

ಅದೇ ಪದ್ಧತಿಯನ್ನು ಅವರು ಕ್ರಿಪ್ಟೋಕ್ಕೂ ಹಚ್ಚಿದರು. ಕಾಕಾನ ಮಗ ಭೂಪಾಲನಿಗೆ ಮೂಡಲಗಿಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಗೆಳೆಯನೊಬ್ಬ ಈ ಕಾಯಿನ್‌ಗಳ ರುಚಿ ಹತ್ತಿಸಿದ್ದ. ಕಬ್ಬಿನ ಬಿಲ್ಲು ಬಂದಾಗ ಕಾಕಾನ ಮನೆ, ಬಾಜೂ ಮನೆಗಳು ಸೇರಿ ಐದು ಮನೆಯವರು ಹನ್ನೆರಡು ಲಕ್ಷ ಕೂಡಿಸಿದರು. ಆ್ಯಪು, ಓಟಿಪಿ, ಮುಖ ತೋರಿಸುವ ಸೆಲ್ಫಿ, ಇವುಗಳ ಗೊಡವೆ ಯಾರಿಗೂ ಬೇಡವಾಗಿತ್ತು. "ನಮ್ಮ ಮಾಸ್ತರ ಅದಾನಲ್ಲ, ಅವನ ಹೆಸರಿನ್ಯಾಗ ಹಾಕ್ರಿ" ಎಂದರು ಕಾಕಾ. ನಮ್ಮವರು ತಮ್ಮದೊಂದು ಪೈಸೆ ಹಾಕಲಿಲ್ಲ, ಒಂದು ಪೈಸೆ ತೆಗೆದುಕೊಳ್ಳಲೂ ಇಲ್ಲ. ಹೆಸರು ಕೊಟ್ಟರು, ಅಷ್ಟೇ.

ಮೊದಲು ಕೊಂಡ ಕಾಯಿನ್ ಏರಿತು. ಒಂಬತ್ತು ಲಕ್ಷ ಲಾಭಕ್ಕೆ ಮಾರಿದರು. ಆ ವಾರ ನಾಗನೂರಿನಲ್ಲಿ ಯಾರೂ ನೆಲದ ಮೇಲೆ ನಡೆಯುತ್ತಿರಲಿಲ್ಲ. ಭೂಪಾಲ ಇನ್ನೊಂದು ಕಾಯಿನ್ ತೋರಿಸಿದ. ಬಂದದ್ದಷ್ಟನ್ನೂ ಅದಕ್ಕೆ ಸುರಿದರು. ಅದು ಮುಳುಗಿತು. ಉಳಿದದ್ದನ್ನು ಮಾರಿ ಹಂಚಿಕೊಂಡಾಗ ಹಾಕಿದ್ದಕ್ಕಿಂತ ತುಸು ಕಡಿಮೆಯೇ ಕೈಗೆ ಬಂತು. ಒಂದು ಹಂಗಾಮಿನ ಬೆಳೆ ಕೈಕೊಟ್ಟಿತು ಎಂದು ಅವರು ಮರೆತರು, ನಾವೂ ಮರೆತೆವು.

ಜುಲೈ ತಿಂಗಳಲ್ಲಿ, ಹೊಳೆ ತುಂಬುತ್ತಿರುವಾಗ, ಹುಕ್ಕೇರಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ನಮ್ಮವರ ಮೊಬೈಲಿಗೆ ತೆರಿಗೆ ಇಲಾಖೆಯ ಸಂದೇಶ ಬಂತು. ನಿಮ್ಮ ಹೆಸರಿನಲ್ಲಿ ವರ್ಚುವಲ್ ಡಿಜಿಟಲ್ ಆಸ್ತಿಯ ವಹಿವಾಟು ನಡೆದಿದೆ, ರಿಟರ್ನ್‌ನಲ್ಲಿ ತೋರಿಸಿರಿ ಎಂದು. ಆ ಸಂಜೆ ಇಬ್ಬರೂ ತೊಯ್ದುಕೊಂಡೇ ಗೋಕಾಕದ ಕೋರ್ಟಿನ ಹತ್ತಿರ ಇರುವ ದೇಶಪಾಂಡೆ ಸರ್ ಆಫೀಸಿಗೆ ಹೋದೆವು. ನಮ್ಮವರ ಪಗಾರದ ರಿಟರ್ನ್ ತುಂಬುತ್ತಿದ್ದವರು ಅವರೇ. ಕಂಪ್ಯೂಟರ್ ನೋಡುತ್ತ ನೋಡುತ್ತ ಅವರ ಹುಬ್ಬು ಮೇಲೇರಿತು.

"ಮಾಸ್ತರ, ನೀವು ಇಷ್ಟ ಧೈರ್ಯದಾವ್ರು ಅಂತ ಗೊತ್ತ ಇರಲಿಲ್ಲ ಬಿಡ್ರಿ" ಎಂದರು.

"ಸರ್, ಒಂದ್ರಾಗ ಬಂತು, ಇನ್ನೊಂದ್ರಾಗ ಹೋತು. ಕಡೀಕ ಏನೂ ಉಳೀಲಿಲ್ಲರಿ."

"ನಿಮಗ ಉಳೀಲಿಲ್ಲ, ಸರಕಾರಕ್ಕ ಉಳಿದೈತಿ. ಬ್ಯಾರೆ ಧಂಧೆದಾಗ ಬಂದದ್ದರಾಗ ಹೋದದ್ದನ್ನ ವಜಾ ಹಿಡಿಯಾಕ ಬರ್ತೈತಿ. ಕ್ರಿಪ್ಟೋದಾಗ ಬರಂಗಿಲ್ಲ. ಲಾಭ ಆದ ಕಾಯಿನ್ನಿಗೆ ನೂರಕ್ಕ ಮೂವತ್ತು ಕಟ್ಟಬೇಕು, ಮ್ಯಾಲ ಸೆಸ್ಸು. ಹಾನಿ ಆದದ್ದು ನಿಮ್ಮ ಹಣೇಬರ. ಬರೋ ವರ್ಷದ ಲೆಕ್ಕಕ್ಕೂ ಒಯ್ಯಾಕ ಬರಂಗಿಲ್ಲ."

"ಮತ್ತ ಅವರಿಗಿ ಗೊತ್ತ ಹೆಂಗಾತ್ರಿ?" ಎಂದೆ ನಾನು.

"ಮಾರಿದಾಗೊಮ್ಮೆ ನೂರಕ್ಕ ಒಂದು ಟಿಡಿಎಸ್ ಮುರಕೊಂಡಾರಲ್ಲ ಸಿಸ್ಟರ್, ಅದ ಹೋಗಿ ಹೇಳೇತಿ. ಅದನ್ನ ಕಳದು ಎರಡೂವರಿ ಲಕ್ಷ ಆಗ್ತೈತಿ."

ನಮ್ಮವರು ಗಂಟಲು ಸರಿಮಾಡಿಕೊಂಡು, ಅದು ನನ್ನ ರೊಕ್ಕ ಅಲ್ಲರಿ, ಊರಾಗಿನ ಐದು ಮನೀದು ಎಂದರು. ದೇಶಪಾಂಡೆ ಸರ್ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿದರು.

"ಅದು ಸಣ್ಣ ಮಾತಲ್ಲ, ಮಾಸ್ತರ. ಮಂದಿ ರೊಕ್ಕ ನಿಮ್ಮ ಹೆಸರಿನ್ಯಾಗ ಅಂದ್ರ ಬೇನಾಮಿ ಅಂತ ಇನ್ನೊಂದು ಕಾಯ್ದೆ ಐತಿ. ಅದಕ್ಕೂ ಉತ್ತರ ಕೊಡೂದ ಬರ್ತೈತಿ. ಮ್ಯಾಲ ನೀವು ಸರಕಾರಿ ನೌಕರರು. ಖಾತೆ ನಿಮ್ಮದು, ಮಾರಿದವರು ನೀವು. ತೆರಿಗಿ ಕಟ್ಟೂದು ನಿಮ್ಮ ಕೊಳ್ಳಿಗೇ ಬಂತು. ಈ ತಿಂಗಳ ಆಗಲಿಲ್ಲಂದ್ರ ಡಿಸೆಂಬರತನಕ ತುಂಬಾಕ ಬರ್ತೈತಿ, ಆದ್ರ ದಂಡ, ಬಡ್ಡಿ ಬೆಳಕೋತ ಹೋಗ್ತಾವು ನೋಡ್ರಿ."

ಹೊರಗೆ ಬಂದಾಗ ಲೋಳಸೂರ ಸೇತುವೆಯ ಮೇಲೆ ನೀರು ಬರುವಂತಿದೆ ಎಂದು ಜನ ಮಾತಾಡುತ್ತಿದ್ದರು. ನಮ್ಮವರು ಕೊಡೆ ಬಿಚ್ಚುವುದನ್ನೂ ಮರೆತು ಮಳೆಯಲ್ಲಿ ನಡೆಯತೊಡಗಿದರು. ಮನೆಯ ಬಾಗಿಲ ಕೀಲಿ ತೆಗೆಯುತ್ತ ನನ್ನ ಮುಖ ನೋಡದೆಯೇ "ಪ್ಲಾಟ್ ಮಾರಿಬಿಡೂಣು" ಎಂದರು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ನೀರು ಕುದಿದು ಆವಿಯಾಗಿ ಪಾತ್ರೆ ಸೀದರೂ ನನಗೆ ತಿಳಿಯಲಿಲ್ಲ. ಅಷ್ಟು ಹೆದರಿದ್ದೆ.

ನೀರು ಇಳಿದು ರಸ್ತೆ ತೆರೆದ ಮೇಲೆ ನಾಗನೂರಿಗೆ ಹೋದೆವು. ಪಡಸಾಲೆಯಲ್ಲಿ ಐದೂ ಮನೆಯ ಗಂಡಸರು ಕೂತಿದ್ದರು. ನಮ್ಮವರು ಕಪ್ಪುಹಲಗೆಯ ಮುಂದೆ ನಿಂತವರಂತೆ ಲಾಭ, ಹಾನಿ, ತೆರಿಗೆ ಎಲ್ಲ ಬಿಡಿಸಿ ಹೇಳಿದರು. ಕಾಕಾ ಕಣ್ಣು ಮುಚ್ಚಿ ಕೇಳಿದರು.

"ಸರಕಾರ ಅದನ್ನ ರೊಕ್ಕ ಅಂತೈತೇನು?"

"ಇಲ್ಲರಿ ಕಾಕಾ."

"ಅಂಗಡ್ಯಾಗ ಕೊಟ್ರ ನಡೀತೈತೇನು?"

"ಇಲ್ಲರಿ."

"ಹಂಗಾರ ಬಂದ್ ಮಾಡೇತೇನು?"

"ಬಂದ್ ಮಾಡಿಲ್ಲರಿ."

"ರೊಕ್ಕ ಅಲ್ಲ, ಅಂಗಡ್ಯಾಗ ನಡ್ಯಂಗಿಲ್ಲ, ಬಂದೂ ಮಾಡಿಲ್ಲ. ತೆರಿಗಿ ಮಾತ್ರ ಬೇಕು! ಇದೆಂಥಾ ಕಾಯ್ದೆಪಾ?" ಎಂದು ಕಾಕಾ ಕಣ್ಣು ತೆರೆದರು. ಎಲ್ಲರೂ ನಕ್ಕರು. ನನಗೂ ಒಂದು ಗಳಿಗೆ ನಗು ಬಂತೆಂದರೆ ನೋಡಿ! ಆಮೇಲೆ ಅವರು ಕೈಯೆತ್ತಿ ತೀರ್ಮಾನ ಹೇಳಿದರು: "ನಾವು ಒಕ್ಕಲಮಂದಿ. ಕಬ್ಬಿನ ರೊಕ್ಕಕ್ಕ ತೆರಿಗಿ ಇಲ್ಲ. ಅದ ರೊಕ್ಕ ಅಲ್ಲಿ ಹೋಗಿ ತಿರುಗ್ಯಾಡಿ ಬಂದೈತಿ. ತಿರುಗ್ಯಾಡಿ ಬಂದ್ರ ಅದರ ಜಾತಿ ಕೆಡತೈತೇನು? ನೀ ಸುಮ್ಮ ಅಂಜಾಕತ್ತಿ. ಏನೂ ಆಗಂಗಿಲ್ಲ ತಗಿ."

ಕಬ್ಬು ಮಾರಿ ಬಂದದ್ದಕ್ಕೆ ತೆರಿಗೆ ಇಲ್ಲ, ಆ ದುಡ್ಡಿನಿಂದ ಕಾಯಿನ್ ಕೊಂಡು ಗಳಿಸಿದ್ದಕ್ಕೆ ಇದೆ ಎಂದು ನಮ್ಮವರು ಒಂದೇ ಒಂದು ಸಾಲಿನಲ್ಲಿ ಹೇಳಬಹುದಿತ್ತು. ನಲವತ್ತು ಮಕ್ಕಳ ಬಾಯಿ ಮುಚ್ಚಿಸುವ ಮನುಷ್ಯ ಕಾಕಾನ ಮುಂದೆ ಬಾಯಿ ತೆರೆಯಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಮಾತ್ರ, "ಅವರ ಅನ್ನ ಉಂಡೀನಿ, ಹೆಂಗ ಕೇಳಲಿ?" ಎಂದರು. ನನಗೆ ಅವರ ಮೇಲೆ ಕರುಣೆ ಬಂತು, ಕಾಕಾನ ಮೇಲೆ ಬೆಂಕಿಯಂಥ ಸಿಟ್ಟು ಬಂತು.

ಆಗಸ್ಟ್ ಇಡೀ ತಿಂಗಳು ನಮ್ಮ ಮನೆಯಲ್ಲಿ ಮೊಬೈಲೇ ಯಜಮಾನ. ಅದು ಗುಣುಗಿದರೆ ಸಾಕು, ನಮ್ಮವರು ಉಣ್ಣುವುದನ್ನು ಬಿಟ್ಟು ಏಳುವರು. ಬ್ಯಾಂಕಿನವರು ಸಾಲ ಬೇಕೇ ಎಂದು ಕಳಿಸಿದ ಸಂದೇಶಕ್ಕೂ ಮುಖ ಬಿಳುಚಿಕೊಳ್ಳುತ್ತಿತ್ತು. ಶಾಲೆಯಲ್ಲಿ ಹೆಡ್‌ಮಾಸ್ತರರು ಕರೆದರೆ, ಶಿಕ್ಷಣ ಇಲಾಖೆಗೆ ಸುದ್ದಿ ಮುಟ್ಟಿತು ಎಂದೇ ಹೋಗುವುದು. ಅವರು ಕೇಳುವುದು ಬಿಸಿಯೂಟದ ಅಕ್ಕಿಯ ವಿಷಯ. ನಾನು ದಿನವೂ ಬಿ.ಪಿ. ನೋಡುತ್ತಿದ್ದೆ. ಏರಿದ್ದನ್ನು ನೋಡಿ, ಇಳಿದಿದೆ ಎಂದು ಸುಳ್ಳು ಹೇಳುತ್ತಿದ್ದೆ. ವಾರ್ಡಿನಲ್ಲಿ ಇಂಜೆಕ್ಷನ್ ಕೊಡುವಾಗ ಆ ತಿಂಗಳು ಔಷಧಿಯ ಬಾಟಲಿಯ ಹೆಸರನ್ನು ಎರಡೆರಡು ಸಲ ಓದುತ್ತಿದ್ದೆ, ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಪ್ಲಾಟು ನೋಡಲು ಏಜೆಂಟ್ ಒಬ್ಬ ಬಂದ. ಕಲ್ಲುಗಳ ನಡುವೆ ಹುಲ್ಲು ಮೊಳಕಾಲುದ್ದ ಬೆಳೆದಿತ್ತು. ಅವಸರಕ್ಕೆ ಮಾರುವವರು ಎಂದು ಅವನಿಗೆ ವಾಸನೆ ಹತ್ತಿರಬೇಕು, ಅವನು ಹೇಳಿದ ರೇಟು ಕೇಳಿ ನನಗೆ ಅಳು ಬಂತು. "ನಿಮ್ಮ ಪರ್ವ ಮುಗೀಲಿ ಅಕ್ಕಾರ, ಆಮ್ಯಾಲ ಸಂಚಕಾರದ ಮುಂಗಡ ಕೊಡ್ತೀವಿ" ಎಂದು ಹೋದ.

ಪರ್ವ ಎಂದರೆ ನಮ್ಮ ಜೈನರ ದಶಲಕ್ಷಣ ಪರ್ವ. ಭಾದ್ರಪದದಲ್ಲಿ ಬರುತ್ತದೆ. ನಾಗನೂರಿನ ಬಸದಿಯಲ್ಲಿ ದಿನವೂ ಅಭಿಷೇಕ, ಪೂಜೆ. ಕಾಕಾ ಮೊದಲ ಒಂಬತ್ತು ದಿನ ಒಪ್ಪತ್ತು ಉಣ್ಣುತ್ತಾರೆ, ಕೊನೆಯ ದಿನ ಅನಂತ ಚತುರ್ದಶಿಯಂದು ನಿರಾಹಾರ. ಮರುದಿನ ಕ್ಷಮಾವಾಣಿ. ಅಂದು ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಕೈಮುಗಿದು ಕ್ಷಮೆ ಕೇಳಬೇಕು, ಕೇಳಿದವರಿಗೆ ಕ್ಷಮೆ ಕೊಡಬೇಕು. ಅದಾದ ಮೇಲೆಯೇ ಕಾಕಾ ಉಪವಾಸ ಬಿಡುವುದು. ವರ್ಷವಿಡೀ ಬದುವಿಗೆ ಜಗಳಾಡಿದವರೂ ಅಂದು ಕೈಮುಗಿಯುತ್ತಾರೆ, ಮುಂದಿನ ವಾರ ಅದೇ ಬದುವಿಗೆ ಮತ್ತೆ ಹೋಗುತ್ತಾರೆ. ಇಲ್ಲ ಎಂದು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಆ ವರ್ಷ ನಾವೂ ಊರಲ್ಲಿದ್ದೆವು. ಬೆಳಿಗ್ಗೆ ಕಾಕಾ ಬಿಳಿಧೋತರ ಉಟ್ಟು ನಮ್ಮ ಅತ್ತೆಯವರ ಮನೆಗೆ ಬಂದರು. ಅತ್ತೆಗೆ ಕೈಮುಗಿದರು, ನಮ್ಮವರಿಗೆ ಮುಗಿದರು. ನಮ್ಮವರಂತೂ ಅವರ ಕಾಲಿಗೇ ಬಿದ್ದರು. ಆಮೇಲೆ ನನ್ನ ಮುಂದೆ ನಿಂತು, "ಉತ್ತಮ ಕ್ಷಮಾ, ಯವ್ವಾ. ಏನರ ತಪ್ಪಾಗಿದ್ರ ಕ್ಷಮಾ ಮಾಡು" ಎಂದರು.

ಹುಲ್ಲು ಬೆಳೆದ ಆ ಪ್ಲಾಟು ಕಣ್ಣ ಮುಂದೆ ಬಂತು.

"ಇಲ್ಲರಿ ಕಾಕಾ. ಈ ವರ್ಷ ನನ್ನ ಕೈಲೆ ಆಗಂಗಿಲ್ಲ."

ಅತ್ತೆಯವರ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. ಕಾಕಾ ಮುಗಿದ ಕೈ ಇಳಿಸದೆ ನನ್ನನ್ನೇ ನೋಡಿದರು. ಹಾಗೆಯೇ ತಿರುಗಿ ಹೋದರು. ನಮ್ಮವರು ನನ್ನ ಜೊತೆ ಮಾತು ಬಿಟ್ಟರು. ಅತ್ತೆ ಒಳಕೋಣೆ ಸೇರಿದರು. ಅನ್ನಬಾರದ್ದನ್ನು ಅಂದೆನೋ ಎಂದು ನಾನು ಅಡುಗೆಮನೆಯಲ್ಲಿ ಬೆವರುತ್ತ ಕೂತೆ. ಆದರೆ ತಿರುಗಿಸಿ ತಿರುಗಿಸಿ ನೋಡಿದರೂ ನಾನು ಅಂದದ್ದರಲ್ಲಿ ಸುಳ್ಳು ಕಾಣಲಿಲ್ಲ.

ಇಳಿಹೊತ್ತಿಗೆ ಭೂಪಾಲ ಓಡುತ್ತ ಬಂದ. "ವೈನಿ, ಅಪ್ಪಾ ಇನ್ನೂ ಏನೂ ತಗೊಂಡಿಲ್ಲ. ನೀರೂ ಮುಟ್ಟಿಲ್ಲ. ನೀವು ಕ್ಷಮಾ ಅನ್ನೂತನಕ ಉಪವಾಸ ಬಿಡಂಗಿಲ್ಲ ಅಂತಾನ."

ಕಾಕಾಗೆ ಸಕ್ಕರೆ ಕಾಯಿಲೆ. ಹಿಂದಿನ ದಿನವೂ ಹೊಟ್ಟೆಗೆ ಏನಿಲ್ಲ. ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಇನ್ನು ಮರುದಿನ ಬೆಳಗಾಗಬೇಕು. ಚೀಲದಿಂದ ಸಕ್ಕರೆ ನೋಡುವ ಯಂತ್ರ ತೆಗೆದುಕೊಂಡು ಓಡಿದೆ. ನಮ್ಮವರೂ ಹಿಂದೆ ಬಂದರು. ಕಾಕಾ ಪಡಸಾಲೆಯ ಗೋಡೆಗೆ ಒರಗಿದ್ದರು, ಹಣೆಯ ಮೇಲೆ ತಣ್ಣನೆ ಬೆವರು. ಬೆರಳು ಚುಚ್ಚಿ ನೋಡಿದೆ. ಇಳಿದಿತ್ತು, ಇನ್ನೂ ಇಳಿಯುವುದಿತ್ತು.

"ಕಾಕಾ, ಊಟ ಮಾಡ್ರಿ. ಇದು ನರ್ಸ್ ಆಗಿ ಹೇಳಾಕತ್ತೇನಿ."

"ಸೊಸಿ ಏನ ಹೇಳ್ತಾಳು?"

"ಸೊಸಿ ಒಂದು ಮಾತ ಕೇಳ್ತಾಳರಿ. ಕಾರ್ಖಾನ್ಯಾಗ ಕಬ್ಬಿನ ತೂಕದಾಗ ಕಡಿತ ಮಾಡಿದ್ರ, ಯಾರ ಹೆಸರಿನ್ಯಾಗ ಕಬ್ಬು ಹೋಗೇತಿ ಅಂವ ಒಬ್ಬನ ಹೊರತಾನೇನ್ರಿ? ಎಲ್ಲಾರೂ ಟನ್ನಿನ ಮ್ಯಾಲ ಹಂಚಕೋತೀರಿ. ಇಲ್ಲಿ ಯಾಕ ನೀವು ಸಾಕಿದ ಮಗಾ ಒಬ್ಬನ ಹೊರಬೇಕು?"

ನನಗೆ ಕಾಕಾನ ಮುಖ ನೋಡಬೇಕೋ, ಅಂಗಳದಲ್ಲಿ ಉದ್ದವಾಗುತ್ತಿದ್ದ ನೆರಳು ನೋಡಬೇಕೋ ತಿಳಿಯಲಿಲ್ಲ. ಕೊನೆಗೆ ಅವರು ನಮ್ಮವರ ಕಡೆ ತಿರುಗಿ, "ಅಜ್ಯಾ, ಖರೇನ ಅವರು ನಿನ್ನ ನೌಕರಿಗಿ ಕೈ ಹಾಕ್ತಾರೇನೊ?" ಎಂದು ಕೇಳಿದರು. ನಮ್ಮವರು ತಲೆಯಾಡಿಸಲು ಹೋಗಿ ಬಿಕ್ಕಿಬಿಟ್ಟರು. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಕಾಕಾ, "ನಾ ತೆರಿಗಿ ರೊಕ್ಕ ಕೊಟ್ಟೆ ಅಂದ್ರ, ಕೂಸಿನ್ನ ಬೆಂಕ್ಯಾಗ ನೂಕಿದಾಂವ ನಾನ ಅಂತ ಒಪ್ಪಿಕೊಂಡಂಗ ಆಗ್ತಿತ್ತು. ಅದಕ್ಕ ಏನೂ ಆಗಂಗಿಲ್ಲ ಅನಕೋತ ಬಂದೆ" ಎಂದರು. ಆಮೇಲೆ ಭೂಪಾಲನಿಗೆ, "ಉಳಿದ ನಾಲ್ಕೂ ಮನಿಯಾವ್ರನ್ನ ಕರಕೊಂಡ ಬಾ. ಈಗಿಂದೀಗ" ಎಂದರು.

ಅವರೆಲ್ಲ ಕ್ಷಮೆ ಕೇಳುತ್ತ ಊರು ತಿರುಗುತ್ತಿದ್ದವರು, ಮುಗಿದ ಕೈಯಲ್ಲೇ ಬಂದು ಅಂಗಳದಲ್ಲಿ ನಿಂತರು. ಕಾಕಾ ಎರಡೇ ಮಾತಿನಲ್ಲಿ ಹೇಳಿದರು: ಯಾರು ಎಷ್ಟು ಹಾಕಿದ್ದರೋ ಅದರ ಲೆಕ್ಕದಲ್ಲಿ ತೆರಿಗೆಯ ಪಾಲು ಹಾಕಬೇಕು. ಒಬ್ಬ, ಲಾಭವೇ ಉಳಿದಿಲ್ಲವಲ್ಲ ಎಂದು ಶುರುಮಾಡಿದ. ಇನ್ನೊಬ್ಬ ಕಬ್ಬಿಗೆ ತೆರಿಗೆ ಇಲ್ಲ ಎಂಬ ಹಳೆಯ ಮಾತು ತೆಗೆದ. ಬಿಸಿಲು ತೆಂಗಿನ ಮರದ ತುದಿಗೆ ಹೋಗಿತ್ತು. ನಾನು ಮತ್ತೆ ಕಾಕಾನ ನಾಡಿ ಹಿಡಿದೆ.

"ವಾದ ನಾಳಿ ಮಾಡೂಣು" ಎಂದರು ಕಾಕಾ. ದನಿ ಕ್ಷೀಣವಾಗಿತ್ತು. "ನೀವು ಹೂಂ ಅಂದ್ರ ಸೊಸಿ ಕ್ಷಮಾ ಮಾಡಿದಂಗ, ನಾ ಇವತ್ತ ಉಣ್ತೇನಿ. ಇಲ್ಲಂದ್ರ ಇಲ್ಲ. ಹೊತ್ತ ಮುಣಗಾಕತ್ತೈತಿ, ನೋಡ್ರಿ."

ಒಬ್ಬೊಬ್ಬರೇ ಹೂಂ ಅಂದರು. ಕೊನೆಯವನ ಹೂಂ ಬಾಯಿಂದ ಬೀಳುವಷ್ಟರಲ್ಲಿ ಕಾಕಾನ ಹೆಂಡತಿ ಕಾಕೂ ತಟ್ಟೆ ತಂದಿಟ್ಟಿದ್ದರು. ನಾನೇ ಗಂಜಿ ಕಲಸಿ ಕಾಕಾನ ಕೈಗೆ ಕೊಟ್ಟೆ, ಬಾಯಲ್ಲಿ ಹಾಕುವ ತನಕ ಅಲ್ಲೇ ನಿಂತೆ. ನಾಲ್ಕು ತುತ್ತು ಒಳಗೆ ಹೋದ ಮೇಲೆ ಮುಖಕ್ಕೆ ಬಣ್ಣ ಬಂತು. ಆಗ ಕೈಮುಗಿದು, "ಉತ್ತಮ ಕ್ಷಮಾರಿ, ಕಾಕಾ" ಎಂದೆ.

ಆ ದುಡ್ಡು ದೀಪಾವಳಿಯ ಹೊತ್ತಿಗೆ, ತಡವಾಗಿ, ತುಸು ಗೊಣಗಾಟದೊಂದಿಗೆ, ಐದೂ ಮನೆಯಿಂದ ಬಂತು. ದೇಶಪಾಂಡೆ ಸರ್ ದಂಡ, ಬಡ್ಡಿ ಸೇರಿಸಿ ರಿಟರ್ನ್ ತುಂಬಿದರು. ಅದನ್ನು ನೋಡಿ ಯಾರಾದರೂ ಪ್ರಶ್ನೆ ಕೇಳಿಯಾರು ಎಂಬ ಅಳುಕು ಇನ್ನೂ ಪೂರ್ತಿ ಹೋಗಿಲ್ಲ. ಪ್ಲಾಟು ಉಳಿಯಿತು. ನಾಗನೂರಿನಲ್ಲಿ ಆಮೇಲೆ ಯಾರೂ ಮಾಸ್ತರನ ಹೆಸರು ಕೇಳಲು ಬಂದಿಲ್ಲ.

ಆದರೆ ಆ ಸಂಜೆಯ ಒಂದು ಮಾತು ಉಳಿದಿದೆ. ಕ್ಷಮೆ ಕೊಟ್ಟವರು ಕೇಳಲೂ ಬೇಕಲ್ಲ? ತುಂಬಿದ ಮನೆಯಲ್ಲಿ ಹಿರಿಯರ ಮುಗಿದ ಕೈಯನ್ನು ತಿರುಗಿಸಿ ಕಳಿಸಿದವಳು ನಾನು. ಕಾಕಾನ ಮುಂದೆ ಕೂತು, "ನನ್ನೂ ಕ್ಷಮಾ ಮಾಡ್ರಿ" ಎಂದೆ. ಕಾಕಾ ತುತ್ತು ನುಂಗಿದರು, ನೀರು ಕುಡಿದರು, ಮೀಸೆ ಒರೆಸಿಕೊಂಡರು. ಹೊರಗೆ ಸೂರ್ಯ ಮುಳುಗುತ್ತಿದ್ದ.

"ನಿಂದು ಬರೋ ವರ್ಷ ನೋಡೂಣು, ಯವ್ವಾ" ಎಂದರು.

ಮರುವರ್ಷ ಕೈಮುಗಿದು ನಿಂತಾಗಲೂ ಅವರು ಅಷ್ಟೇ ಅಂದರು. ನಗುತ್ತ ಅಂದರೋ, ಖರೆಯೇ ಅಂದರೋ ತಿಳಿಯಲಿಲ್ಲ. ಈ ಸಲದ ಪರ್ವ ಹತ್ತಿರ ಬರುತ್ತಿದೆ. ಕಾಕಾಗೆ ವಯಸ್ಸಾಗುತ್ತಿದೆ, ನನಗೆ ಅದೇ ದಿಗಿಲು.